ಮಾಂಟ್ರಿಯಲ್ ಬಾಲ್ಕನಿಯಿಂದ ಬಂದ ಆ ಕೂಗು

ಪ್ರಶ್ನೆ: ನನ್ನ ಮಗ ಕೆನಡಾದ ಮಾಂಟ್ರಿಯಲ್‌ನಲ್ಲಿ ನೌಕರಿಯಲ್ಲಿದ್ದಾನೆ. ನಾವು ಹೋದಾಗ ಅಲ್ಲಿನ ನಗರಸಭೆಯ ಕಟ್ಟಡ ತೋರಿಸಿ, "1967ರಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಇದೇ ಬಾಲ್ಕನಿಯಲ್ಲಿ ನಿಂತು ‘ಸ್ವತಂತ್ರ ಕ್ವಿಬೆಕ್‌ಗೆ ಜಯವಾಗಲಿ’ ಅಂತ ಕೂಗಿದ, ದೊಡ್ಡ ರಾದ್ಧಾಂತ ಆಯ್ತು" ಎಂದ. ಊರಿಗೆ ಬಂದು ಉಣಕಲ್ ಕೆರೆಯ ವಾಕಿಂಗ್ ಗೆಳೆಯರಿಗೆ ಹೇಳಿದೆ. ಒಬ್ಬರು "ತಪ್ಪೇನು? ನಮ್ಮ ಏಕೀಕರಣದ ಹೋರಾಟವೂ ಅದೇ ಅಲ್ಲವೇ" ಎಂದರು. ಇನ್ನೊಬ್ಬರು "ಉಂಡ ಮನೆಯ ಜಂತಿ ಎಣಿಸಿದ ಹಾಗಾಯ್ತು" ಎಂದರು. ಮೂರನೆಯವರು "1971ರಲ್ಲಿ ನಾವು ಮಾಡಿದ್ದೇನು ಮತ್ತೆ?" ಎಂದು ಕೇಳಿದರು. ಡಿ ಗಾಲ್ ಅಂದದ್ದು ಬಾಯಿ ತಪ್ಪಿಯೋ, ಬೇಕಂತಲೋ? ಹೊರದೇಶದ ನಾಯಕನಿಗೆ ಹಾಗೆ ಮಾತಾಡುವ ಹಕ್ಕಿದೆಯೇ? ಆಮೇಲೆ ಏನಾಯಿತು?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ:

ಬಾಯಿ ತಪ್ಪಿ ಅಂದದ್ದಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದೆಲ್ಲ ವಾದವೂ ಅದರ ಮೇಲೆಯೇ ನಿಂತಿದೆ.

1967 ಕೆನಡಾ ಒಕ್ಕೂಟಕ್ಕೆ ನೂರು ವರ್ಷ ತುಂಬಿದ ವರ್ಷ. ಫ್ರೆಂಚ್ ಭಾಷಿಕರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್‌ನಲ್ಲಿ ಎಕ್ಸ್‌ಪೋ 67 ಎಂಬ ಜಾಗತಿಕ ಪ್ರದರ್ಶನ ನಡೆದಿತ್ತು. ಅದರಲ್ಲಿ ಭಾಗವಹಿಸಿದ ದೇಶಗಳ ಮುಖ್ಯಸ್ಥರಿಗೆ ಆಮಂತ್ರಣ ಹೋಗಿತ್ತು. ಚಾರ್ಲ್ಸ್ ಡಿ ಗಾಲ್ ಅವರಿಗೆ ಆಗ 76 ವರ್ಷ. ನಮ್ಮ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ 1890ರಲ್ಲೇ ಹುಟ್ಟಿದವರು. ಶತಮಾನೋತ್ಸವಕ್ಕೆ ಒಂದು ಶುಭಸಂದೇಶ ಕಳಿಸಿ ಎಂದು ಹಿಂದಿನ ಡಿಸೆಂಬರ್‌ನಲ್ಲಿ ಅಧಿಕಾರಿಗಳು ಕೇಳಿದಾಗ ಅವರು ಒಪ್ಪಲಿಲ್ಲ. ನಮ್ಮ ಹಿಂದಿನ ಸೋಲಿನ ಮೇಲೆ ಕಟ್ಟಿದ ರಾಜ್ಯಕ್ಕೆ ನಾವು ಅಭಿನಂದನೆ ಹೇಳುವುದೇನಿದೆ ಎಂಬ ಅರ್ಥದ ಟಿಪ್ಪಣಿ ಬರೆದರು. ಸೋಲು ಎಂದರೆ 1759ರಲ್ಲಿ ಕ್ವಿಬೆಕ್ ನಗರದ ಹೊರಗೆ ಅಬ್ರಹಾಂ ಬಯಲಿನಲ್ಲಿ ಫ್ರೆಂಚ್ ಸೇನೆ ಇಂಗ್ಲಿಷರಿಗೆ ಸೋತದ್ದು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸಿನ ದೊರೆ 15ನೇ ಲೂಯಿ ಆ ನಾಡನ್ನು ಬಿಟ್ಟುಕೊಟ್ಟ. ಹತ್ತಾರು ಸಾವಿರ ಫ್ರೆಂಚ್ ರೈತರು ಅಲ್ಲೇ ಉಳಿದರು. ಅವರ ಸಂತತಿಯೇ ಇಂದಿನ ಕ್ವಿಬೆಕ್‌ನ ಬಹುಸಂಖ್ಯಾತರು.

ಪ್ರಯಾಣದ ದಾರಿಯನ್ನು ನೋಡಿ. ವಿಮಾನದಲ್ಲಿ ಬಂದಿದ್ದರೆ ಶಿಷ್ಟಾಚಾರದಂತೆ ಮೊದಲು ರಾಜಧಾನಿ ಒಟ್ಟಾವಾದಲ್ಲಿ ಇಳಿಯಬೇಕು. ಡಿ ಗಾಲ್ ಕೊಲ್ಬೇರ್ ಎಂಬ ಯುದ್ಧನೌಕೆ ಹತ್ತಿ ಅಟ್ಲಾಂಟಿಕ್ ದಾಟಿ, ಸೇಂಟ್ ಲಾರೆನ್ಸ್ ನದಿಯಲ್ಲಿ ಮೇಲೆ ಬಂದು, ಜುಲೈ 23ರಂದು ನೇರ ಕ್ವಿಬೆಕ್ ನಗರದಲ್ಲೇ ಇಳಿದರು. ಹಡಗಿಗೆ ಇಟ್ಟ ಹೆಸರು ಕೂಡ 14ನೇ ಲೂಯಿಯ ಮಂತ್ರಿಯದು. ಆ ನಾಡಿನಲ್ಲಿ ಫ್ರೆಂಚ್ ವಸಾಹತನ್ನು ಬೆಳೆಸಿದವನು ಅವನೇ. ಮರುದಿನ ಕ್ವಿಬೆಕ್ ಪ್ರಾಂತ್ಯದ ಮುಖ್ಯಮಂತ್ರಿ ಡೇನಿಯಲ್ ಜಾನ್ಸನ್ ಜೊತೆ ತೆರೆದ ಕಾರಿನಲ್ಲಿ ನದಿಯ ಉತ್ತರ ದಂಡೆಯ ಹಳೆಯ ‘ರಾಜರಸ್ತೆ’ ಹಿಡಿದು ಮಾಂಟ್ರಿಯಲ್‌ಗೆ ಹೊರಟರು. ದಾರಿ ಸುಮಾರು 270 ಕಿಲೋಮೀಟರ್. ಊರೂರಿಗೆ ಕಮಾನು, ಬಾವುಟ, ಫ್ರಾನ್ಸಿನ ರಾಷ್ಟ್ರಗೀತೆ, ನಿಂತಲ್ಲೆಲ್ಲ ಭಾಷಣ. ಸಂಜೆ ಮಾಂಟ್ರಿಯಲ್ ನಗರಸಭೆಗೆ ಬರುವ ಹೊತ್ತಿಗೆ ಅವರ ಎದೆ ತುಂಬಿತ್ತು, ಕೆಳಗೆ ಸಾವಿರಾರು ಜನ ನೆರೆದಿದ್ದರು.

ಮೇಯರ್ ಜಾನ್ ಡ್ರಾಪೊ ಅವರ ಯೋಜನೆಯಲ್ಲಿ ಬಾಲ್ಕನಿಯಿಂದ ಭಾಷಣ ಇರಲಿಲ್ಲ. ಜನರಿಗೆ ಕೈಬೀಸಿ ಒಳಗೆ ಬರುವುದು, ಆಮಂತ್ರಿತರ ಮುಂದೆ ಮಾತಾಡುವುದು, ಅಷ್ಟೇ. ಆದರೆ ಬಾಲ್ಕನಿಯಲ್ಲಿ ಮೈಕೊಂದು ಇತ್ತು. ಡಿ ಗಾಲ್ ಅದರ ಮುಂದೆ ನಿಂತರು.

ಆ ಧ್ವನಿಮುದ್ರಣವನ್ನು ನಾನು ಧಾರವಾಡದಲ್ಲಿ ಎಂ.ಎ. ವಿದ್ಯಾರ್ಥಿಗಳಿಗೆ ಎಷ್ಟೋ ವರ್ಷ ಕೇಳಿಸಿದ್ದೇನೆ. ಫ್ರೆಂಚ್ ಒಂದಕ್ಷರ ಬಾರದ ಹುಡುಗರು ನಮ್ಮವರು. ಆದರೂ ಕೊನೆಯ ನಿಮಿಷದಲ್ಲಿ ಎಲ್ಲರ ಬೆನ್ನು ನೆಟ್ಟಗಾಗುತ್ತಿತ್ತು. ಮುದುಕನ ದನಿ, ಸ್ವಲ್ಪ ಒಡೆದದ್ದು, ಒಂದೊಂದು ಪದವನ್ನೂ ಇಟ್ಟು ಇಟ್ಟು ಆಡುವಂಥದ್ದು. "ವೀವ್ ಮೋರೆಯಾಲ್! ವೀವ್ ಲ ಕೆಬೆಕ್!" ಎನ್ನುತ್ತಾರೆ. ಜನ ಕೂಗುತ್ತಾರೆ. ಮತ್ತೆ "ವೀವ್ ಲ ಕೆಬೆಕ್" ಎಂದು ಒಂದು ಉಸಿರು ತಡೆದು, "ಲೀಬ್ರ್!" ಎನ್ನುತ್ತಾರೆ. ಲೀಬ್ರ್ ಎಂದರೆ ಸ್ವತಂತ್ರ. ಆಮೇಲೆ ಬರುವ ಗದ್ದಲ ಚಪ್ಪಾಳೆಯದಲ್ಲ; ಕಟ್ಟೆಯೊಡೆದ ನೀರಿನ ಸದ್ದಿನ ಹಾಗೆ ಅದು. ‘ಸ್ವತಂತ್ರ ಕ್ವಿಬೆಕ್’ ಎಂಬುದು ಅವರು ಆ ಕ್ಷಣಕ್ಕೆ ಹುಟ್ಟಿಸಿದ ಮಾತೂ ಅಲ್ಲ. ಪಿಯೇರ್ ಬೂರ್ಗೋ ನಾಯಕತ್ವದ, 1960ರಲ್ಲಿ ಹುಟ್ಟಿದ ಸ್ವಾತಂತ್ರ್ಯವಾದಿ ಪಕ್ಷದ ಘೋಷಣೆ ಅದು. ಆ ಪಕ್ಷದ ಹುಡುಗರು ದಾರಿಯುದ್ದಕ್ಕೂ, ಬಾಲ್ಕನಿಯ ಕೆಳಗೂ ಅದೇ ಫಲಕ ಹಿಡಿದು ನಿಂತಿದ್ದರು. ಡಿ ಗಾಲ್ ಆ ಫಲಕವನ್ನೇ ಓದಿದ ಹಾಗಾಯಿತು. ಬಾಯಿ ತಪ್ಪಿದ್ದರೆ ಸರಿಪಡಿಸಿಕೊಳ್ಳಲು ಮುಂದೆ ನಾಲ್ಕು ತಿಂಗಳಿತ್ತು. ಅವರು ನವೆಂಬರ್ 27ರ ಪತ್ರಿಕಾಗೋಷ್ಠಿಯಲ್ಲಿ ಕ್ವಿಬೆಕ್ ಸಾರ್ವಭೌಮ ರಾಜ್ಯದ ಸ್ಥಾನಕ್ಕೆ ಏರಬೇಕೆಂದು ಇನ್ನೂ ಬಿಡಿಸಿ ಹೇಳಿದರು.

ಎಲ್ಲರೂ ನೆನಪಿಡುವುದು ‘ಲೀಬ್ರ್’ ಎಂಬ ಪದವನ್ನು. ಆದರೆ ನನ್ನ ಲೆಕ್ಕದಲ್ಲಿ ಆ ಸಂಜೆಯ ದೊಡ್ಡ ತಪ್ಪು ಅದಲ್ಲ, ಅದಕ್ಕೂ ಮೊದಲಿನ ಒಂದು ವಾಕ್ಯ. "ನಿಮಗೊಂದು ಗುಟ್ಟು ಹೇಳುತ್ತೇನೆ, ಯಾರಿಗೂ ಹೇಳಬೇಡಿ. ಈ ಸಂಜೆ ಇಲ್ಲಿ, ಮತ್ತು ನನ್ನ ದಾರಿಯುದ್ದಕ್ಕೂ, ವಿಮೋಚನೆಯ ಕಾಲದಂಥದ್ದೇ ವಾತಾವರಣದಲ್ಲಿ ನಾನಿದ್ದೆ" ಎಂದಿದ್ದರು ಅವರು. ವಿಮೋಚನೆ ಎಂದರೆ 1944ರಲ್ಲಿ ನಾಜಿಗಳಿಂದ ಪ್ಯಾರಿಸ್ ಬಿಡುಗಡೆಯಾದದ್ದು. ಅಂದು ಆ ನಗರದ ಬೀದಿಯಲ್ಲಿ ಜನಸಾಗರದ ನಡುವೆ ನಡೆದವರು ಇದೇ ಡಿ ಗಾಲ್. ಆ ನೆನಪು ಅವರಿಗೆ ಬಂದದ್ದು ಸಹಜವೇ ಇರಬಹುದು. ಆದರೆ ಕೇಳುವವರ ಕಿವಿಗೆ ಏನು ಬಿತ್ತು? ಕ್ವಿಬೆಕ್ ಆಕ್ರಮಿತ ನಾಡು ಎಂದು ಬಿತ್ತು. ಹಾಗಾದರೆ ಆಕ್ರಮಿಸಿದವರು ಯಾರು? ಉಳಿದ ಕೆನಡಿಯನ್ನರು. ಕೆನಡಾದ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರು ಎರಡು ಮಹಾಯುದ್ಧಗಳಲ್ಲಿ ಸತ್ತಿದ್ದರು. 1942ರಲ್ಲಿ ದಿಯೆಪ್‌ನ ಕಡಲದಂಡೆಯಲ್ಲಿ, 1944ರ ಜೂನ್ 6ರಂದು ನಾರ್ಮಂಡಿಯ ಜೂನೋ ದಂಡೆಯಲ್ಲಿ ಅವರು ಇಳಿದದ್ದು ಫ್ರಾನ್ಸನ್ನು ಬಿಡಿಸಲಿಕ್ಕೇ. ಅವರಲ್ಲಿ ಕ್ವಿಬೆಕ್‌ನ ಫ್ರೆಂಚ್ ಭಾಷಿಕ ಹುಡುಗರೂ ಇದ್ದರು. ಮಗನನ್ನು ಆ ಮರಳಿನಲ್ಲಿ ಕಳೆದುಕೊಂಡ ಒಂದು ಮನೆ ರೇಡಿಯೋದಲ್ಲಿ ಈ ಹೋಲಿಕೆ ಕೇಳಿದರೆ ಹೇಗಾಗಿರಬೇಡ?

ಕೆನಡಾದ ಪ್ರಧಾನಿ ಲೆಸ್ಟರ್ ಪಿಯರ್ಸನ್ ಮೆತ್ತಗಿನ ಮನುಷ್ಯ. ಸೂಯೆಜ್ ಬಿಕ್ಕಟ್ಟು ಶಮನಗೊಳಿಸಿದ್ದಕ್ಕೆ 1957ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಮರುದಿನ ಅವರು ಕೊಟ್ಟ ಹೇಳಿಕೆ ಗಾಯವನ್ನು ಸರಿಯಾಗಿ ಮುಟ್ಟಿತು. ಈ ಮಾತುಗಳು ಕೆನಡಾವನ್ನು ಒಡೆಯಲು ಹೊರಟ ಸಣ್ಣ ಗುಂಪಿಗೆ ಪ್ರೋತ್ಸಾಹ ಕೊಡುವಂಥವು, ನಮಗೆ ಒಪ್ಪಿಗೆಯಿಲ್ಲ. ಕೆನಡಾದ ಜನ ಸ್ವತಂತ್ರರು, ಪ್ರತಿ ಪ್ರಾಂತ್ಯವೂ ಸ್ವತಂತ್ರ, ನಮ್ಮನ್ನು ಯಾರೂ ಬಿಡುಗಡೆ ಮಾಡಬೇಕಿಲ್ಲ. ಬದಲಿಗೆ ಫ್ರಾನ್ಸಿನ ಬಿಡುಗಡೆಗಾಗಿ ಸಾವಿರಾರು ಕೆನಡಿಯನ್ನರು ಪ್ರಾಣ ಕೊಟ್ಟಿದ್ದಾರೆ ಎಂಬುದು ಅದರ ಸಾರ. ಗಮನಿಸಿ, ಪಿಯರ್ಸನ್ ಉತ್ತರಿಸಿದ್ದು ಮುಖ್ಯವಾಗಿ ‘ವಿಮೋಚನೆ’ಗೆ. ಡಿ ಗಾಲ್ ಒಟ್ಟಾವಾಕ್ಕೆ ಹೋಗುವುದನ್ನೇ ಬಿಟ್ಟು ಜುಲೈ 26ರಂದು ವಿಮಾನ ಹತ್ತಿ ಹೊರಟುಹೋದರು. ಆಗ ನ್ಯಾಯಮಂತ್ರಿಯಾಗಿದ್ದ ಪಿಯರ್ ಟ್ರುಡೊ ಒಂದು ಪ್ರಶ್ನೆ ಕೇಳಿದರು: ಕೆನಡಾದ ಪ್ರಧಾನಿ ಫ್ರಾನ್ಸಿಗೆ ಹೋಗಿ ‘ಬ್ರಿಟನಿ ಬ್ರೆಟನ್ನರಿಗೆ’ ಎಂದು ಕೂಗಿದ್ದರೆ ಫ್ರಾನ್ಸ್ ಏನನ್ನುತ್ತಿತ್ತು? ಬ್ರಿಟನಿ ಫ್ರಾನ್ಸಿನ ಪಶ್ಚಿಮದ ಪ್ರಾಂತ್ಯ. ಅಲ್ಲಿನವರ ಸ್ವಂತ ಭಾಷೆಯನ್ನು ಫ್ರೆಂಚ್ ಶಾಲೆಗಳು ದಶಕಗಳ ಕಾಲ ತುಳಿದಿದ್ದವು. ಡಿ ಗಾಲ್ ಬಳಿ ಇದಕ್ಕೆ ಉತ್ತರವಿರಲಿಲ್ಲ.

ಹಾಗಂತ ಕ್ವಿಬೆಕ್‌ನವರ ನೋವು ಸುಳ್ಳೆಂದು ಯಾರೂ ತಿಳಿಯಬಾರದು. ಇಲ್ಲಿ ನಿಮ್ಮ ಮೊದಲನೇ ಗೆಳೆಯರ ಮಾತಿಗೆ ಬರುತ್ತೇನೆ.

ಮಾಂಟ್ರಿಯಲ್‌ನಲ್ಲಿ ಫ್ರೆಂಚರೇ ಹೆಚ್ಚು. ಆದರೆ ಆಗ ಬ್ಯಾಂಕು, ಗಿರಣಿ, ದೊಡ್ಡ ಅಂಗಡಿಗಳ ಭಾಷೆ ಇಂಗ್ಲಿಷಾಗಿತ್ತು. ಸ್ವಂತ ಊರಿನ ಅಂಗಡಿಯಲ್ಲಿ ಸ್ವಂತ ಭಾಷೆಯಲ್ಲಿ ಸಾಮಾನು ಕೇಳಿದರೆ ಮಾರುವವಳು ಮುಖ ತಿರುಗಿಸುತ್ತಿದ್ದಳು. ಪಿಯರ್ಸನ್ ಸರಕಾರವೇ 1963ರಲ್ಲಿ ನೇಮಿಸಿದ ದ್ವಿಭಾಷಾ ಆಯೋಗ 1961ರ ಜನಗಣತಿ ಹಿಡಿದು ಲೆಕ್ಕ ಹಾಕಿದಾಗ, ಕ್ವಿಬೆಕ್‌ನ ಒಳಗೇ ಫ್ರೆಂಚ್ ಮೂಲದ ಪುರುಷರ ಸರಾಸರಿ ಆದಾಯ 14 ಮೂಲಗಳ ಜನರಲ್ಲಿ 12ನೇ ಸ್ಥಾನದಲ್ಲಿತ್ತು. ಬೇರೆ ದೇಶಗಳಿಂದ ಬಂದವರೂ ಅವರಿಗಿಂತ ಮೇಲಿದ್ದರು. ಇಂಥ ಅವಮಾನ ನಮ್ಮ ಭಾಗದ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕನ್ನಡದ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿಯುತ್ತಿದ್ದರು. ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು. ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರು ತಿರುಗಿ ಕನ್ನಡ ಶಾಲೆ ಕಟ್ಟಿದ್ದು, ರಾ. ಹ. ದೇಶಪಾಂಡೆಯವರು ‘ಸಿರಿಗನ್ನಡಂ ಗೆಲ್ಗೆ’ ಎಂದದ್ದು ಆ ಸಂಕಟದೊಳಗಿಂದ.

ಸಂಕಟ ಒಂದೇ ಥರದ್ದು. ಆದರೆ ಬೇಡಿಕೆ ಒಂದೇ ಅಲ್ಲ, ಇದನ್ನು ನಿಮ್ಮ ಗೆಳೆಯರಿಗೆ ಒತ್ತಿ ಹೇಳಿ. ಏಕೀಕರಣದವರು ಕೇಳಿದ್ದು ಭಾರತದಿಂದ ಹೊರಗೆ ಹೋಗುವುದನ್ನಲ್ಲ. ಭಾರತದ ಒಳಗೆ, ಐದು ಆಡಳಿತಗಳಲ್ಲಿ ಚೂರಾಗಿದ್ದ ಕನ್ನಡಿಗರನ್ನು ಒಂದೇ ಸೂರಿನಡಿ ತರುವುದನ್ನು. ಅದು ಕೂಡುವ ಚಳವಳಿ. 1953ರಲ್ಲಿ ಹುಬ್ಬಳ್ಳಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕೂತರು. ಆ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಸಭೆಯ ಹೊತ್ತಿಗೆ ಹುಬ್ಬಳ್ಳಿ ಹೊತ್ತಿ ಉರಿಯಿತು. ಅಷ್ಟು ಸಿಟ್ಟಿದ್ದರೂ ದೇಶ ಬೇಡವೆಂದು ಯಾರೂ ಅನ್ನಲಿಲ್ಲ. ವರ್ಷದ ಕೊನೆಗೆ ರಾಜ್ಯ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗ ಬಂತು, 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು. ಇಂದು ಅಲ್ಲೊಬ್ಬರು ಇಲ್ಲೊಬ್ಬರು ಪ್ರತ್ಯೇಕ ಉತ್ತರ ಕರ್ನಾಟಕದ ಮಾತೆತ್ತುತ್ತಾರಲ್ಲ, ನನಗೆ ಅದು ಒಪ್ಪಿಗೆಯಿಲ್ಲ, ಆದರೂ ಅದು ಕೂಡ ಹೊಸ ರಾಜ್ಯ ರಚನೆಗೆ ಅವಕಾಶ ಕೊಡುವ ಸಂವಿಧಾನದ 3ನೇ ವಿಧಿಯೊಳಗಿನ ಬೇಡಿಕೆ. ರಾಜ್ಯ ಕೇಳುವುದು ಬೇರೆ, ರಾಷ್ಟ್ರ ಕೇಳುವುದು ಬೇರೆ. ಎರಡಕ್ಕೂ ‘ಪ್ರತ್ಯೇಕತೆ’ ಎಂಬ ಒಂದೇ ಪದ ಬಳಸಿ ನಮ್ಮ ಟಿ.ವಿ. ಚರ್ಚೆಗಳು ಗೊಂದಲ ಹೆಚ್ಚಿಸುತ್ತವೆ.

ಇನ್ನು ‘ಹಕ್ಕಿದೆಯೇ’ ಎಂಬ ಪ್ರಶ್ನೆ. ದೇಶಗಳ ಆಂತರಿಕ ವಿಷಯದಲ್ಲಿ ಕೈಹಾಕಬಾರದೆನ್ನುವ ವಿಶ್ವಸಂಸ್ಥೆಯ ಸನ್ನದಿನ 2(7)ನೇ ವಿಧಿಯನ್ನು ಎಲ್ಲರೂ ಇಲ್ಲಿ ಎಳೆದು ತರುತ್ತಾರೆ. ಅದು ಕಟ್ಟಿಹಾಕುವುದು ವಿಶ್ವಸಂಸ್ಥೆಯನ್ನು, ಒಬ್ಬ ಅಧ್ಯಕ್ಷನ ನಾಲಿಗೆಯನ್ನಲ್ಲ. ದೇಶಗಳು ಪರಸ್ಪರರ ಆಂತರಿಕ ವಿಷಯದಲ್ಲಿ ಕೈಹಾಕಬಾರದೆಂಬ ನಿಯಮ 1970ರ ಸ್ನೇಹ ಸಂಬಂಧಗಳ ಘೋಷಣೆಯಲ್ಲಿ ಬಿಡಿಸಿ ಬಂತು. 1986ರಲ್ಲಿ ನಿಕರಾಗುವಾ ಪ್ರಕರಣದಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಅದಕ್ಕೊಂದು ಅಳತೆ ಕೊಟ್ಟಿತು: ಕಾನೂನುಬಾಹಿರ ಹಸ್ತಕ್ಷೇಪ ಎನ್ನಲು ಬಲವಂತ ಇರಬೇಕು. ಬಂಡುಕೋರರಿಗೆ ಬಂದೂಕು, ತರಬೇತಿ, ಹಣ ಕೊಟ್ಟರೆ ಅದು ಬಲವಂತ. ಬರೀ ಭಾಷಣ ಆ ಗೆರೆ ದಾಟುವುದಿಲ್ಲ. ಹಾಗಾಗಿ ಡಿ ಗಾಲ್ ಮಾಡಿದ್ದು ಅಪರಾಧವಲ್ಲ, ಆದರೆ ಘೋರ ಅಸಭ್ಯತೆ. ಒಂದು ದೇಶದ ಮುಖ್ಯಸ್ಥ ಇನ್ನೊಂದು ದೇಶದ ಅನ್ನ ಉಣ್ಣುತ್ತ, ಆ ದೇಶವನ್ನು ಒಡೆಯಬೇಕೆನ್ನುವ ಪಕ್ಷದ ಘೋಷಣೆ ಕೂಗುವುದನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ. ಲೇಖಕನೋ ಪತ್ರಕರ್ತನೋ ಅದನ್ನೇ ಅಂದಿದ್ದರೆ ನನ್ನ ತಕರಾರಿಲ್ಲ. ಅಧ್ಯಕ್ಷನ ಬಾಯಲ್ಲಿ ಮಾತು ಬರೀ ಮಾತಾಗಿ ಉಳಿಯುವುದಿಲ್ಲ. ಅದರ ಹಿಂದೆ ಸೈನ್ಯವಿದೆ, ಖಜಾನೆಯಿದೆ, ಮಾನ್ಯತೆ ಕೊಡುವ ಅಧಿಕಾರವಿದೆ.

ಆ ಸಂಕಟ ನಮಗೆ ಹೊಸದಲ್ಲ. 1967ರ ಜುಲೈಯಲ್ಲಿ ನಾನು ಹುಬ್ಬಳ್ಳಿಯಲ್ಲಿ ಏಳನೆಯ ಇಯತ್ತೆಯಲ್ಲಿದ್ದೆ. ನಮ್ಮ ಮನೆಯಲ್ಲಿ ಯಾರಿಗೂ ಕ್ವಿಬೆಕ್ ಗೊತ್ತಿರಲಿಲ್ಲ. ಅಪ್ಪ ಧಾರವಾಡ ಆಕಾಶವಾಣಿಗೆ ಕಿವಿ ಹಚ್ಚಿ ಕೂಡುತ್ತಿದ್ದದ್ದು ಗಡಿ ವಿವಾದದ ಮಹಾಜನ ಆಯೋಗದ ಸುದ್ದಿಗಾಗಿ; ಆಗಸ್ಟ್‌ನಲ್ಲಿ ವರದಿ ಬಂದು ಬೆಳಗಾವಿ ನಮ್ಮಲ್ಲೇ ಉಳಿಯಲಿ ಎಂದಿತು. ಪಕ್ಕದ ರಾಜ್ಯದ ನಾಯಕರು ಬೆಳಗಾವಿಗೆ ಬಂದು ಭಾಷಣ ಮಾಡಿದಾಗ ಅಪ್ಪನ ಮುಖ ಕೆಂಪಾಗುತ್ತಿತ್ತು. "ನಮ್ಮ ಮನಿ ಜಗಳಾ ನಾವು ನೋಡ್ಕೋತೀವಿ, ಇವರ‍್ಯಾರು?" ಎನ್ನುತ್ತಿದ್ದರು. ಒಂದೇ ದೇಶದೊಳಗಿನ ಎರಡು ರಾಜ್ಯಗಳ ನಡುವೆ ಇಷ್ಟು ಉರಿ ಇದ್ದರೆ, ಬೇರೆ ದೇಶದ ಅಧ್ಯಕ್ಷ ಬಂದು ಕೂಗಿದಾಗ ಎಷ್ಟಿರಬೇಕು.

ಮೂರನೇ ಗೆಳೆಯರ ಪ್ರಶ್ನೆ ಎಲ್ಲಕ್ಕಿಂತ ಕಠಿಣ, ಅದಕ್ಕೇ ಅವರಿಗೆ ನನ್ನ ನಮಸ್ಕಾರ ತಿಳಿಸಿ. 1971ರ ಮಾರ್ಚ್ 31ರಂದು ಇಂದಿರಾ ಗಾಂಧಿಯವರು ಮಂಡಿಸಿದ ನಿರ್ಣಯದಲ್ಲಿ ನಮ್ಮ ಸಂಸತ್ತು ಪೂರ್ವ ಬಂಗಾಳದ ಜನರ ಹೋರಾಟಕ್ಕೆ ಬಹಿರಂಗವಾಗಿ ಬೆಂಬಲ ಸೂಚಿಸಿತು. ಇನ್ನೊಂದು ದೇಶದಿಂದ ಬೇರೆಯಾಗುವ ಹೋರಾಟವೇ ಅದು. ಹಾಗಾದರೆ ನಾವೂ ಡಿ ಗಾಲ್ ಆದೆವೇ? ನಾನು ಅಲ್ಲ ಎನ್ನುತ್ತೇನೆ, ಕಾರಣ ಬಾಗಿಲು. ಪೂರ್ವ ಬಂಗಾಳದವರು 1970ರ ಡಿಸೆಂಬರ್ ಚುನಾವಣೆಯಲ್ಲಿ ತಮ್ಮ ಭಾಗದ 162 ಸಾಮಾನ್ಯ ಸ್ಥಾನಗಳ ಪೈಕಿ 160ರಲ್ಲಿ ಅವಾಮಿ ಲೀಗನ್ನು ಗೆಲ್ಲಿಸಿ, ಇಡೀ ಪಾಕಿಸ್ತಾನದ ಸಂಸತ್ತಿನಲ್ಲಿ ಬಹುಮತ ಪಡೆದಿದ್ದರು. ಅವರಿಗೆ ಅಧಿಕಾರ ಕೊಡಲಿಲ್ಲ. ಮಾರ್ಚ್ 25ರ ರಾತ್ರಿ ಸೈನ್ಯ ಬಿಟ್ಟರು. ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ನೆಲಕ್ಕೆ ಬಂದರು. ಮನೆಯ ಒಳಗಿನಿಂದ ನ್ಯಾಯ ಪಡೆಯುವ ಬಾಗಿಲನ್ನು ಮುಚ್ಚಿ ಚಿಲಕ ಹಾಕಿದ್ದರು, ಬೆಂಕಿ ನಮ್ಮ ಅಂಗಳಕ್ಕೂ ಬಂದಿತ್ತು. ಕ್ವಿಬೆಕ್‌ನಲ್ಲಿ ಆ ಬಾಗಿಲು ತೆರೆದಿತ್ತು. ಆ ಪ್ರಾಂತ್ಯಕ್ಕೆ ಸ್ವಂತ ಶಾಸನಸಭೆಯಿತ್ತು, ಅಲ್ಲಿಂದ ಲೋರಿಯೆ, ಸೇಂಟ್ ಲೊರಾನ್ ಎಂಬಿಬ್ಬರು ಕೆನಡಾದ ಪ್ರಧಾನಿಗಳೇ ಆಗಿದ್ದರು, ಡಿ ಗಾಲ್ ಕೂಗಿದ ಮುಂದಿನ ವರ್ಷವೇ ಟ್ರುಡೊ ಆದರು.

ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ಹೆಚ್ಚುಕಡಿಮೆ ಇದೇ ಅಳತೆಗೋಲು ಹಿಡಿಯಿತು. ಏಕಪಕ್ಷೀಯವಾಗಿ ಹೊರಹೋಗುವ ಹಕ್ಕು ವಸಾಹತುಗಳಿಗೆ, ಪರಕೀಯ ಆಕ್ರಮಣದಡಿ ಇರುವವರಿಗೆ, ಪ್ರಾಯಶಃ ಸರಕಾರದಲ್ಲಿ ಅರ್ಥಪೂರ್ಣ ಪಾಲನ್ನೇ ನಿರಾಕರಿಸಿದ ಜನಕ್ಕೆ. ಕ್ವಿಬೆಕ್ ಈ ಮೂರರಲ್ಲಿ ಯಾವುದೂ ಅಲ್ಲ ಎಂದಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದ ಕೆನಡಾ ಮಾತುಕತೆಗೆ ಕೂರಲೇಬೇಕು ಎಂದೂ ಹೇಳಿತು. ಈ ಎರಡನೇ ಅರ್ಧ ಎಷ್ಟು ದೊಡ್ಡ ಮಾತು ಎನ್ನುವುದನ್ನು ನಾನು ತರಗತಿಯಲ್ಲಿ ಹೇಳಿ ದಣಿದಿಲ್ಲ. ನಮ್ಮ ದೇಶ ಬೇರೆ ದಾರಿ ಹಿಡಿಯಿತು: 1963ರ 16ನೇ ತಿದ್ದುಪಡಿ ದೇಶದ ಅಖಂಡತೆಯ ಹೆಸರಿನಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಅವಕಾಶ ಕೊಟ್ಟಿತು, ಡಿ.ಎಂ.ಕೆ. ಅದೇ ವರ್ಷ ಪ್ರತ್ಯೇಕ ದೇಶವಾಗಿ ದ್ರಾವಿಡನಾಡು ಬೇಕೆಂಬ ಬೇಡಿಕೆ ಕೈಬಿಟ್ಟಿತು.

ಆಮೇಲೆ ಏನಾಯಿತು ಎಂದು ಕೇಳಿದ್ದೀರಿ. ಶಾಸಕ ಫ್ರಾನ್ಸ್ವಾ ಆಕೆಂ ಕೆಲವೇ ದಿನಗಳಲ್ಲಿ ಲಿಬರಲ್ ಪಕ್ಷ ಬಿಟ್ಟರು. ರೆನೆ ಲೆವೆಕ್ ಆ ಅಕ್ಟೋಬರ್‌ನಲ್ಲಿ ಅದೇ ಪಕ್ಷ ಬಿಟ್ಟು 1968ರಲ್ಲಿ ಸ್ವಾತಂತ್ರ್ಯವಾದಿ ಪಕ್ಷ ಪಾರ್ಟಿ ಕೆಬೆಕ್ವಾ ಕಟ್ಟಿದರು. 1970ರಲ್ಲಿ ಉಗ್ರರು ಪ್ರಾಂತ್ಯದ ಮಂತ್ರಿ ಪಿಯೇರ್ ಲಾಪೋರ್ಟ್ ಅವರನ್ನು ಅಪಹರಿಸಿ ಕೊಂದರು. ಜನ ಹಿಂಸೆಯಿಂದ ಹಿಂದೆ ಸರಿದರು. 1976ರಲ್ಲಿ ಲೆವೆಕ್ ಚುನಾವಣೆ ಗೆದ್ದು, 1977ರಲ್ಲಿ ಫ್ರೆಂಚ್ ಭಾಷಾ ಸನ್ನದು ತಂದರು. ಅಂಗಡಿಯ ಫಲಕ, ಕಚೇರಿಯ ಕಾಗದ, ವಲಸೆ ಬಂದವರ ಮಕ್ಕಳ ಶಾಲೆ ಎಲ್ಲ ಫ್ರೆಂಚಿಗೆ ಬಂತು. ನಿಮ್ಮ ಮಗ ಅಲ್ಲಿ ಫ್ರೆಂಚ್ ಕಲಿಯಬೇಕಾಗಿ ಬಂದಿದ್ದರೆ ಅದರ ಬೇರು ಆ ಕಾನೂನು. ಅವಮಾನ ತೊಳೆದದ್ದು ಅದು, ಬಾಲ್ಕನಿಯ ಕೂಗಲ್ಲ. ಕೆನಡಾದಿಂದ ಬೇರೆಯಾಗುವ ಕುರಿತ 1980ರ ಜನಮತದಲ್ಲಿ ಸುಮಾರು 60 ಪ್ರತಿಶತ ಜನ ‘ಬೇಡ’ ಎಂದರು. 1995ರ ಅಕ್ಟೋಬರ್ 30ರಂದು ಮತ್ತೆ ಕೇಳಿದಾಗ ‘ಬೇಡ’ 50.58, ‘ಬೇಕು’ 49.42. ಅರ್ಧ ಕೋಟಿಗೆ ಹತ್ತಿರ ಮತಗಳಲ್ಲಿ ಅಂತರ 54,288. ಮತ ಹಾಕಿದವರು ನೂರಕ್ಕೆ 93ಕ್ಕೂ ಹೆಚ್ಚು. ಅಷ್ಟು ಕೂದಲೆಳೆಯ ಫಲಿತಾಂಶ ಬಂದರೂ ಬೀದಿಯಲ್ಲಿ ರಕ್ತ ಹರಿಯಲಿಲ್ಲ. 2006ರಲ್ಲಿ ಕೆನಡಾದ ಸಂಸತ್ತು ಕ್ವಿಬೆಕ್‌ನ ಜನ ಏಕೀಕೃತ ಕೆನಡಾದೊಳಗಿನ ಒಂದು ರಾಷ್ಟ್ರ ಎಂದು ಒಪ್ಪಿಕೊಂಡಿತು.

ಇದೆಲ್ಲದರಲ್ಲಿ ಡಿ ಗಾಲ್ ಪಾಲೆಷ್ಟು? ಅಲ್ಲಿನ ಚಳವಳಿಯನ್ನು ಜಗತ್ತಿಗೆ ಪರಿಚಯಿಸಿದರು, ಕೆಲವು ವರ್ಷ ಬೇಗ ಬಲ ತಂದರು. ಅದನ್ನು ಹುಟ್ಟಿಸಿದವರು ಅವರಲ್ಲ. ಬೂರ್ಗೋ ಪಕ್ಷ ಆ ಭಾಷಣದ ಹಿಂದಿನ ವರ್ಷದ ಚುನಾವಣೆಯಲ್ಲೇ ಸುಮಾರು 5.6 ಪ್ರತಿಶತ ಮತ ಪಡೆದಿತ್ತು. ಡಿ ಗಾಲ್ ಹೊರಡುವ ದಿನ ಮೇಯರ್ ಡ್ರಾಪೊ ಊಟದ ಸಭೆಯಲ್ಲಿ, ಅತಿಥಿಯ ಎದುರಿಗೇ, ಬಹಳ ಸೌಜನ್ಯದಿಂದ ಒಂದು ಮಾತು ಹೇಳಿದರು. ಎರಡು ಶತಮಾನ ನಾವು ಒಬ್ಬಂಟಿಯಾಗಿ ಬದುಕಲು ಕಲಿತವರು ಎಂಬುದು ಅದರ ತಿರುಳು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತು ಅದು. ಬಿಟ್ಟುಹೋದ ತಾಯಿನಾಡು ಇನ್ನೂರು ವರ್ಷದ ನಂತರ ಬಂದು ನಿಮ್ಮನ್ನು ಬಿಡಿಸುತ್ತೇನೆ ಎಂದಾಗ, ಅಷ್ಟು ಕಾಲ ಭಾಷೆ ಉಳಿಸಿಕೊಂಡ ರೈತನಿಗೆ ಅನ್ನಿಸುವುದೇನು ಎಂಬುದನ್ನು ಫ್ರೆಂಚ್ ಭಾಷಿಕನೇ ಹೇಳಿದ.

ಫ್ರಾನ್ಸ್ ಕೂಡ ಪಾಠ ಕಲಿತು, 1970ರ ದಶಕದ ಕೊನೆಗೆ ‘ಹಸ್ತಕ್ಷೇಪವೂ ಇಲ್ಲ, ಉದಾಸೀನವೂ ಇಲ್ಲ’ ಎಂಬ ಸೂತ್ರಕ್ಕೆ ಬಂತು. 1995ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಒಟ್ಟಾವಾದಲ್ಲಿ ಬಲಿಷ್ಠ, ಒಗ್ಗಟ್ಟಿನ ಕೆನಡಾವನ್ನು ಹೊಗಳಿದರು, ಭವಿಷ್ಯ ತೀರ್ಮಾನಿಸುವುದು ಕೆನಡಿಯನ್ನರಿಗೆ ಬಿಟ್ಟದ್ದು ಎಂದೂ ಸೇರಿಸಿದರು. ಅದೂ ಒಂದು ಕಡೆ ವಾಲಿದ ಮಾತೇ. ಆದರೆ ಒಗ್ಗಟ್ಟಿನ ಪರ ಆಡಿದ್ದನ್ನು ಜಗತ್ತು ಹಸ್ತಕ್ಷೇಪ ಎಂದು ಕರೆಯುವುದು ಕಡಿಮೆ. 2020ರ ಕೊನೆಯಲ್ಲಿ ಟ್ರುಡೊ ಅವರ ಮಗ ಜಸ್ಟಿನ್ ಟ್ರುಡೊ ಪ್ರಧಾನಿಯಾಗಿ ನಮ್ಮ ರೈತ ಹೋರಾಟದ ಬಗ್ಗೆ ಮಾತಾಡಿದಾಗ ದಿಲ್ಲಿ ಆಕ್ಷೇಪಿಸಿತು. ರೈತ ಹೋರಾಟ ಪ್ರತ್ಯೇಕತೆಯ ಹೋರಾಟವಲ್ಲ, ಎರಡನ್ನೂ ಬೆರೆಸಬಾರದು. ಆದರೆ ಜಸ್ಟಿನ್ ಅವರ ಅಪ್ಪ 1967ರಲ್ಲಿ ಕೇಳಿದ ಬ್ರಿಟನಿಯ ಪ್ರಶ್ನೆ ಅಂದು ನನಗೆ ನೆನಪಾಯಿತು.

ಮುಂದಿನ ಸಲ ಮಗನ ಮನೆಗೆ ಹೋದಾಗ ಬಾಲ್ಕನಿಯನ್ನಷ್ಟೇ ನೋಡಿ ಬರಬೇಡಿ. ಒಂದು ದಿನ ಬಿಡುವು ಮಾಡಿಕೊಂಡು ಆ ರಾಜರಸ್ತೆಯಲ್ಲೇ, ಈಗ ಅದು 138ನೇ ಹೆದ್ದಾರಿ, ನದಿ ಪಕ್ಕದಲ್ಲಿಟ್ಟುಕೊಂಡು ಕ್ವಿಬೆಕ್ ನಗರಕ್ಕೆ ಹೋಗಿ. ಅಲ್ಲಿ ಅಬ್ರಹಾಂ ಬಯಲಿನ ಅಂಚಿನಲ್ಲಿ ಡಿ ಗಾಲ್ ಅವರ ಕಂಚಿನ ಪ್ರತಿಮೆಯಿದೆ. ಭಾಷಣಕ್ಕೆ ಮೂವತ್ತು ವರ್ಷ ತುಂಬಿದಾಗ, 1997ರಲ್ಲಿ ನಿಲ್ಲಿಸಿದ್ದು. ಅದನ್ನು ನಿಲ್ಲಿಸುವಾಗಲೂ ಜಗಳವಾಗಿತ್ತು.